ನಮ್ಮ ಓಣಿಯ ಸಂಜೆ ಮೇಜು

ಬಳ್ಳಾರಿಯ ನಮ್ಮ ಓಣಿಯಲ್ಲಿ ಸುಮಾರು ಮನೆಗಳಲ್ಲಿ ಜೀನ್ಸ್ ಕೆಲಸ. ಹೊಲಿಗೆ, ಗುಂಡಿ, ದಾರ ಕತ್ತರಿಸುವುದು. ಕೂಲಿ ಪೀಸಿಗಿಷ್ಟು ಅಂತ. ರಜೆ, ಪಿಎಫ್ ಏನೂ ಇಲ್ಲ.

ಇಲ್ಲೊಂದು ಸಣ್ಣ ಸೇವಾ ಸಂಸ್ಥೆ ಇದೆ. ಅವರು ಸೀರೆ, ಅಕ್ಕಿ ಹಂಚುವವರಲ್ಲ. ಸಂಜೆ ಮೇಜು ಹಾಕಿಕೊಂಡು ಜನರ ಕಾಗದಪತ್ರ ನೋಡುತ್ತಾರೆ. ಹೊಲಿಗೆಯ ಹೆಣ್ಣುಮಕ್ಕಳಿಗೆ ಇ-ಶ್ರಮ್ ಕಾರ್ಡ್, ಅಂದರೆ ಅಸಂಘಟಿತ ಕಾರ್ಮಿಕರ ನೋಂದಣಿ ಕಾರ್ಡ್, ಮಾಡಿಸುತ್ತಾರೆ. 16ರಿಂದ 59 ವರ್ಷದವರಿಗೆ ಅದು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪೆನ್ಷನ್ ಅರ್ಜಿ, ತಿಂಗಳಿಗೆ 1,200 ರೂಪಾಯಿ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ಪೆನ್ಷನ್ ತಡೆಯಬಹುದು. ಪಕ್ಕದ ಮನೆಯ ಅಜ್ಜಿಗೆ ಆದದ್ದೂ ಅದೇ. "ಯವ್ವಾ, ನೀನೊಬ್ಬಳೇ ಯಾಕ ಹೋಗ್ತಿ, ನಾ ಬರ್ತೀನಿ" ಅಂತ ಸಂಸ್ಥೆಯ ಹುಡುಗಿಯೊಬ್ಬಳು ಬ್ಯಾಂಕಿಗೂ ತಾಲೂಕು ಕಚೇರಿಗೂ ಜೊತೆಗೇ ಓಡಾಡಿದಳು. ಈಗ ದುಡ್ಡು ಬರುತ್ತಿದೆ.

ದುಡ್ಡು ಸರ್ಕಾರದ್ದೇ. ಆದರೆ ಅದು ಓದು ಬಾರದವರ ಕೈ ಸೇರಲು ನಡುವೆ ಇಂಥವರು ಬೇಕು, ಅಲ್ವಾ? ದಾನಕ್ಕಿಂತ ಈ ಓಡಾಟವೇ ದೊಡ್ಡದು ಅಂತ ನನಗೆ ಅನಿಸುತ್ತದೆ. ಜೆರಾಕ್ಸ್ ಖರ್ಚನ್ನೂ ಅವರೇ ಹಾಕಿಕೊಳ್ಳುತ್ತಾರೆ.

ಅರ್ಜಿ ತುಂಬಿಕೊಡಲು ಬರುವವರು ವಾರಕ್ಕೊಂದು ಸಂಜೆ ಬಂದರೂ ಸಾಕಂತೆ. ಈ ಶನಿವಾರ ನಾನು ಹೋಗುತ್ತಿದ್ದೇನೆ. ಜೊತೆಗೆ ಬರುವವರು ಹೇಳಿ.