ಪ್ಲಾಸ್ಟರ್ ಹಾಕಿದ ಕೈ

ಅಕ್ಕನ ಮಗನ ಸ್ಕೂಲ್ ಪ್ರಾಜೆಕ್ಟಿಗೆ ಅಂತ ಇವತ್ತು ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಪರಮವೀರ ಚಕ್ರ ಪಡೆದವರ ಚಾರ್ಟ್ ತಗೊಂಡೆ. ಮೊದಲ ಫೋಟೋನೇ ಮೇಜರ್ ಸೋಮನಾಥ ಶರ್ಮಾ ಅವರದು. ಕುಮಾವೂ ರೆಜಿಮೆಂಟಿನ ಕಾಲ್ದಳದವರು.

"ಮಾಮ, ಇವ್ರು ಏನ್ ಮಾಡಿದ್ರು?" ಅಂದ.

ಹಾಕಿ ಆಡುವಾಗ ಮುರಿದ ಎಡಗೈಗೆ ಪ್ಲಾಸ್ಟರ್ ಇತ್ತು ಕಣೋ, ಆದ್ರೂ ಹಟ ಮಾಡಿ ತನ್ನ ಕಂಪನಿ ಜೊತೆ ಕಾಶ್ಮೀರಕ್ಕೆ ಹೋದ್ರು ಅಂದೆ. 1947ರ ನವೆಂಬರ್ 3, ಶ್ರೀನಗರದ ಹತ್ತಿರದ ಬಡಗಾಮ್. ಎದುರಿಗೆ ಎಷ್ಟೋ ಪಟ್ಟು ಜಾಸ್ತಿ ಜನ. ಆ ಕೈಯಲ್ಲಿ ಗನ್ ಹಿಡಿಯೋದು ಕಷ್ಟ, ಅದಕ್ಕೆ ಮ್ಯಾಗಜಿನ್‌ಗಳಿಗೆ ಗುಂಡು ತುಂಬಿ ತುಂಬಿ ತನ್ನ ಹುಡುಗರಿಗೆ ಕೊಡುತ್ತಾ ಓಡಾಡಿದರು, ಪಕ್ಕದಲ್ಲಿದ್ದ ಮದ್ದುಗುಂಡಿನ ಮೇಲೆ ಮಾರ್ಟರ್ ಶೆಲ್ ಬಂದು ಬೀಳುವವರೆಗೂ. ಆಗ ವಯಸ್ಸು 24.

"ಒಂದೇ ಕೈಲಿ ಹೆಂಗೆ ತುಂಬಿದ್ರು?"

ನಂಗೂ ಅದೇ ತಲೆಯಲ್ಲಿ ಕೂತಿದೆ. ಸ್ಪ್ರಿಂಗ್ ಒತ್ತಿ ಒಂದೊಂದೇ ಗುಂಡು ಕೂರಿಸಬೇಕಲ್ವಾ, ಪ್ಲಾಸ್ಟರಿಗೆ ಆನಿಸಿಕೊಂಡಿರಬೇಕು ಅಂತ ಸುಮ್ನೆ ಒಂದು ಊಹೆ. ಇನ್ನೊಂದು ವಿಷಯ, ಪರಮವೀರ ಚಕ್ರ ಅಂತ ಒಂದು ಪದಕ ಶುರುವಾಗಿದ್ದೇ 1950ರ ಜನವರಿ 26ಕ್ಕೆ. ಬಡಗಾಮಿನಲ್ಲಿ ಆ ಹೆಸರನ್ನು ಯಾರೂ ಕೇಳಿರಲೇ ಇಲ್ಲ.

ಮಕ್ಕಳಿಗೆ ಓದೋಕೆ ಆಗೋ ಥರ ಕನ್ನಡದಲ್ಲಿ ಪುಸ್ತಕ ಇದ್ರೆ ಹೇಳಿ, ನಮ್ಮ ಹುಡುಗನ ಪ್ರಶ್ನೆ ಮುಗೀತಾನೇ ಇಲ್ಲ.