ಪೆಟ್ಟಿಗೆ ಕೆಳಗೆ ಯಾರು ಒರೆಸ್ತಾರೆ?

ಕುಶಾಲನಗರದ ಒಂದು ಫ್ಲೋರಿಂಗ್ ಅಂಗಡಿಯಲ್ಲಿ ನಾನು ಸೈಟ್ ಸೂಪರ್‌ವೈಸರ್. ಮಳೆ ಶುರುವಾದರೆ ನಾಪೋಕ್ಲು ಕಡೆಯ ಒಂದು ಮನೆ ನೆನಪಾಗುತ್ತದೆ.

ತೋಟದ ಮನೆ. ಮೂರು ಮಕ್ಕಳು, ಎರಡು ನಾಯಿ, ಗಮ್‌ಬೂಟಿನಲ್ಲೇ ಒಳಗೆ ಬರುವ ಯಜಮಾನರು. ಹೊಸ ಹಾಲ್‌ನ ನೆಲಕ್ಕೆ ಏನು ಹಾಕೋಣ ಅಂತ ಕೇಳಿದರು. ಮ್ಯಾಟ್ ಫಿನಿಶ್ ವಿಟ್ರಿಫೈಡ್ ಟೈಲ್ಸ್ ಅನ್ನಬೇಕಿತ್ತು. ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ, ಕಾಲು ಜಾರುವುದೂ ಕಡಿಮೆ. ಆದರೆ ಆ ತಿಂಗಳು ಗೋಡೌನಿನಲ್ಲಿ ಮರದ ಹಾಗೆ ಕಾಣುವ 12 ಎಂಎಂ ಲ್ಯಾಮಿನೇಟ್ ಹಲಗೆ ರಾಶಿ ಬಿದ್ದಿತ್ತು. ಮೀಟಿಂಗಿನಲ್ಲಿ ಟಾರ್ಗೆಟ್ ಬಿಟ್ಟು ಬೇರೆ ಮಾತೇ ಇಲ್ಲ. "ಚಳಿಗೆ ಬೆಚ್ಚಗಿರುತ್ತೆ ಸಾರ್, ಎಸಿ4, ಬೇಗ ಸವೆಯಲ್ಲ" ಅಂದೆ. ಎಸಿ4 ಮೇಲ್ಪದರ ಸವೆಯುವುದರ ಲೆಕ್ಕ ಅಷ್ಟೆ, ನೀರಿನದ್ದಲ್ಲ. "ಮಳೆಗಾಲಕ್ಕೆ ತಡೆಯುತ್ತಾ ಮಗಾ?" ಅಂತ ಅಜ್ಜಿ ಕೇಳಿದ್ದರು. ನಾನು ಬ್ರೋಶರ್ ತೋರಿಸಿದೆ.

ನೆಲ ಮಟ್ಟ ಮಾಡುವ ಸಿಮೆಂಟ್ ಗಾರೆ, ಅಂದರೆ ಸ್ಕ್ರೀಡ್, 50 ಎಂಎಂ ಹಾಕಿ 20 ದಿನ ಆಗಿತ್ತು. ದಿನಕ್ಕೆ ಒಂದು ಎಂಎಂ ಒಣಗುತ್ತೆ ಅನ್ನುವ ಲೆಕ್ಕ ಗೊತ್ತಿಲ್ಲದವನೇನಲ್ಲ. ಮೇ ಕೊನೆಗೆ ಗೃಹಪ್ರವೇಶ. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇತ್ತು. ಹಲಗೆ ಕೆಳಗೆ ತೇವ ತಡೆಯುವ ಪಾಲಿಥೀನ್ ಶೀಟ್ ಕೂಡ ಇಲ್ಲದೆ, ಬರೀ ಫೋಮ್ ಹಾಸಿ ಕೂರಿಸಿಬಿಟ್ಟೆವು.

ಜುಲೈನಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಜಾಯಿಂಟೆಲ್ಲ ಹಪ್ಪಳದ ಹಾಗೆ ಎದ್ದಿದೆ. ನಾನು ಬಗ್ಗಿ ಕೂಡ ನೋಡಲಿಲ್ಲ. "ಬಕೆಟ್ ನೀರು ಸುರಿದು ಒರೆಸಿದ್ದಾರೆ ಸಾರ್" ಅಂದೆ. ಕೆಲಸದ ಅಕ್ಕ ಅಡುಗೆಮನೆ ಬಾಗಿಲಲ್ಲಿ ಮಾಪ್ ಹಿಡಿದು ನಿಂತಿದ್ದರು. ಯಜಮಾನರು ತಿರುಗಿ ಅವರನ್ನೇ ನೋಡಿದರು. ಅಕ್ಕ ಏನೂ ಅನ್ನಲಿಲ್ಲ.

ಅಜ್ಜಿ ಮೂಲೆಯ ಮರದ ಪೆಟ್ಟಿಗೆ ತೋರಿಸಿದರು. "ಅದರ ಕೆಳಗೂ ಒರೆಸ್ತಾಳಾ ಇವಳು?"

ನಾಲ್ಕು ಜನ ಸೇರಿ ಪೆಟ್ಟಿಗೆ ಸರಿಸಿದೆವು. ಎಲ್ಲಕ್ಕಿಂತ ಜಾಸ್ತಿ ಊದಿದ್ದು ಅಲ್ಲೇ. ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಕಿತ್ತು ಒಂದು ಹಲಗೆ ಎತ್ತಿದೆ. ಫೋಮಿನ ಅಡಿಯಲ್ಲಿ ಹನಿ ಹನಿ ನೀರು, ಕಪ್ಪು ಬೂಸ್ಟು, ಮುಗ್ಗಲು ವಾಸನೆ. ಹೆಂಚಿನ ಮೇಲೆ ಮಳೆ ಬಡಿಯುವುದು ಬಿಟ್ಟರೆ ಬೇರೆ ಸದ್ದಿಲ್ಲ. ಹಲಗೆ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಒಳಗಿರುವುದು ಎಚ್‌ಡಿಎಫ್, ಒತ್ತಿದ ಮರದ ನಾರು. ಒಮ್ಮೆ ನೀರು ಕುಡಿದು ಊದಿದರೆ ಒಣಗಿದರೂ ಮೊದಲಿನಂತಾಗಲ್ಲ. ಎಲ್ಲಾ ಕಿತ್ತು ಹಾಕಬೇಕು ಅಂತ ನಾನೇ ಹೇಳಬೇಕಾಯಿತು.

ದುಡ್ಡಿನ ಅರ್ಧ ನನ್ನ ಸಂಬಳದಲ್ಲಿ ಮುರಿದರು. ಟಾರ್ಗೆಟ್ ಕೊಟ್ಟವರ ಸಂಬಳಕ್ಕೆ ಏನೂ ಆಗಲಿಲ್ಲ ಬಿಡಿ. ಈಗ ಲ್ಯಾಮಿನೇಟ್ ಅಂದರೆ ಮೊದಲು ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಒತ್ತಿ ಒಂದು ದಿನ ಬಿಡುತ್ತೇನೆ. ಅಡಿಯಲ್ಲಿ ಬೆವರು ಕಂಡರೆ ಕೆಲಸ ಇಲ್ಲ. ಮ್ಯಾನೇಜರ್ ಗೊಣಗುತ್ತಾರೆ.

ಹುತ್ತರಿ ಹಬ್ಬಕ್ಕೆ ಮೊದಲು ಆ ಹಾಲಿಗೆ ಮ್ಯಾಟ್ ಟೈಲ್ಸ್ ಹಾಕಿ, ಸಂದಿಗಳಿಗೆ ಎಪಾಕ್ಸಿ ಗ್ರೌಟ್ ತುಂಬಿದೆವು. ಮುಗಿದ ಮೇಲೆ ಒಂದು ದಿನ ಹೋಗಿ "ಅಕ್ಕ, ಅವತ್ತು ತಪ್ಪಾಯ್ತು" ಅಂದೆ.

ಅವರು ನನ್ನ ಕಾಲು ನೋಡಿದರು. "ಚಪ್ಪಲಿ ಹೊರಗೆ ಬಿಡಿ. ಈಗ ತಾನೇ ಒರೆಸಿದ್ದೀನಿ."