‘ದಿ ಪಿಯಾನಿಸ್ಟ್’: ಆ ಸಂಗೀತ ಕೇಳಿಯೇ ಜರ್ಮನ್ ಅಧಿಕಾರಿ ಮನಸ್ಸು ಬದಲಿಸಿದರೇ?

ಯುದ್ಧಕಾಲದ ಯಹೂದಿ ಸಂಗೀತಗಾರರ ಸಿನಿಮಾಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ರೋಮನ್ ಪೋಲನ್ಸ್ಕಿಯ 2002ರ ಚಿತ್ರದಲ್ಲಿ, ಪಾಳುಬಿದ್ದ ವಾರ್ಸಾದಲ್ಲಿ ಅಡಗಿದ್ದ ಪಿಯಾನೊ ವಾದಕ ವ್ವಾದಿಸ್ವಾಫ್ ಶ್ಪಿಲ್ಮನ್ ಜರ್ಮನ್ ಅಧಿಕಾರಿಯ ಕಣ್ಣಿಗೆ ಬೀಳುತ್ತಾರೆ, ಅವರೆದುರು ನುಡಿಸುತ್ತಾರೆ, ಬದುಕಿ ಉಳಿಯುತ್ತಾರೆ. ಇದು ನಿಜವಾಗಿ ನಡೆದದ್ದೇ? ಸಂಗೀತವೇ ಜೀವ ಉಳಿಸಿತೇ?

ಘಟನೆ ನಿಜ. ನುಡಿಸಿದ ಕೃತಿ ಬೇರೆ. ಸಂಗೀತ ಜೀವ ಉಳಿಸಿತು ಎಂಬುದು ಮಾತ್ರ ಆ ದೃಶ್ಯ ನೋಡಿ ನಾವೇ ಕಟ್ಟಿಕೊಂಡ ನಂಬಿಕೆ.

ಚಿತ್ರದಲ್ಲಿ ಕೇಳುವುದು ಪೋಲೆಂಡಿನ ಸಂಗೀತರಚಕ ಶೊಪಾನ್‌ನ ಜಿ ಮೈನರ್ ಬಲಾಡ್ (ಕಥೆ ಹೇಳುವಂತೆ ಸಾಗುವ ಪಿಯಾನೊ ಕೃತಿ), ಓಪಸ್ 23. ಪೂರ್ತಿ ನುಡಿಸಿದರೆ ಒಂಬತ್ತು ನಿಮಿಷ ದಾಟುವ ಇದನ್ನು ಬಹಳಷ್ಟು ಕತ್ತರಿಸಿ, ಅಬ್ಬರದ ಕೊನೆಯ ಭಾಗಕ್ಕೆ ಬೇಗ ತಂದಿದ್ದಾರೆ. ಧ್ವನಿಪಥದಲ್ಲಿ ಶೊಪಾನ್ ನುಡಿಸಿದವರು ಯಾನುಶ್ ಒಲೆಯ್ನಿಚಾಕ್. ಶ್ಪಿಲ್ಮನ್ ತಮ್ಮ ಆತ್ಮಕಥನದಲ್ಲಿ ಹೇಳುವುದೋ ಸಿ ಶಾರ್ಪ್ ಮೈನರ್ ನಾಕ್ಟರ್ನ್ (ರಾತ್ರಿಯ ಭಾವದ ಕೃತಿ). ಶೊಪಾನ್ 1830ರಲ್ಲಿ ಬರೆದ, ಅವನ ಸಾವಿನ ನಂತರ ಅಚ್ಚಾದ, ನಾಲ್ಕು ನಿಮಿಷದ ಚಿಕ್ಕ ಕೃತಿ.

ಈ ವ್ಯತ್ಯಾಸ ಸಣ್ಣದಲ್ಲ. ಆ ದಿನದ ಕೈ ಮತ್ತು ವಾದ್ಯದ ಸ್ಥಿತಿ ನೋಡಿ. ಎರಡೂವರೆ ವರ್ಷ ಅಭ್ಯಾಸವಿರಲಿಲ್ಲ. ಬೆರಳು ಮರಗಟ್ಟಿ ಕೊಳೆ ಹತ್ತಿತ್ತು, ಉಗುರು ಕತ್ತರಿಸಿರಲಿಲ್ಲ. ಕಿಟಕಿಯ ಗಾಜೆಲ್ಲ ಒಡೆದ ಕೋಣೆಯಲ್ಲಿ ತೇವ ಹಿಡಿದಿದ್ದ ಪಿಯಾನೊದ ಒಳಗಿನ ಮರ, ಮಳೆಗಾಲದ ಬಾಗಿಲಿನಂತೆ ಉಬ್ಬಿತ್ತು. ಹೀಗಾದಾಗ ಸ್ವರದ ಮನೆ (ಕೀ) ಒತ್ತಲು ಹೆಚ್ಚು ಬಲ ಬೇಕು. ತಂತಿಗೆ ಬಡಿದ ಸುತ್ತಿಗೆ ಬೇಗ ಹಿಂದಿರುಗುವುದಿಲ್ಲ. ಅದೇ ಸ್ವರವನ್ನು ತಕ್ಷಣ ಮತ್ತೆ ಒತ್ತಿದರೆ ನಾದವೇ ಏಳದೆ ಹೋಗಬಹುದು. ಬಲಾಡಿನ ಕೊನೆಯ ಭಾಗ ಆರೋಗ್ಯವಂತ ವಾದಕರನ್ನೂ ಬೆವರಿಳಿಸುವಂಥದ್ದು: ಎರಡೂ ಕೈ ದೂರದೂರಕ್ಕೆ ನೆಗೆಯಬೇಕು, ಅದೂ ಮಹಾವೇಗದಲ್ಲಿ. ಅಂಥ ವಾದ್ಯದಲ್ಲಿ ಅದು ಚಿತ್ರದಲ್ಲಿ ಕೇಳುವಷ್ಟು ಚೊಕ್ಕವಾಗಿ ಬರುವುದು ನನಗೆ ನಂಬಲಾಗದ ಮಾತು.

ನಾಕ್ಟರ್ನ್ ನಿಧಾನದ್ದು. ಎಡಗೈ ಬಿಡಿಸಿಟ್ಟ ಸ್ವರಗುಚ್ಛಗಳನ್ನು ಹಾಸುತ್ತದೆ, ಬಲಗೈ ಹಾಡುತ್ತದೆ. ಕರ್ನಾಟಕ ಸಂಗೀತದ ಕಿವಿಯವರಿಗೆ ನಠಭೈರವಿ, ಕೀರವಾಣಿಗಳ ಸ್ವರಗಳು ಇಲ್ಲಿ ಗುರುತು ಸಿಗುತ್ತವೆ, ರಾಗದ ಸಂಚಾರವನ್ನು ಮಾತ್ರ ಹುಡುಕಬಾರದು. ಹಾಗೆಂದು ಇದು ಸುಲಭವೂ ಅಲ್ಲ. ಕೊನೆಯಲ್ಲಿ 18, 35, 11, 13 ಸ್ವರಗಳ ಓಟಗಳು ಒಂದರ ಹಿಂದೊಂದು ಬರುತ್ತವೆ, ಎಲ್ಲವೂ ಮೆಲುದನಿಯಲ್ಲಿ. ಶ್ರುತಿ ತಪ್ಪಿದ ತಂತಿಗಳು ಗಾಜಿನಂತೆ ಕಿಣಿಗುಟ್ಟಿದವು ಎಂದು ಶ್ಪಿಲ್ಮನ್ ಅವರೇ ಬರೆದಿದ್ದಾರೆ.

1939ರ ಸೆಪ್ಟೆಂಬರ್ 23ರಂದು, ಜರ್ಮನ್ ಫಿರಂಗಿಗಳ ನಡುವೆ, ಪೋಲಿಷ್ ರೇಡಿಯೊದಲ್ಲಿ ಶ್ಪಿಲ್ಮನ್ ನುಡಿಸಿದ್ದೂ ಶೊಪಾನ್‌ನನ್ನೇ. ಚಿತ್ರ ಈ ನಾಕ್ಟರ್ನ್‌ನಿಂದಲೇ ಆರಂಭವಾಗಿ, ಯುದ್ಧ ಮುಗಿದ ಮೇಲೆ ರೇಡಿಯೊದಲ್ಲಿ ಅದಕ್ಕೇ ಮರಳುತ್ತದೆ. ನಡುವೆ ದೊಡ್ಡ ಕೃತಿ ಇಟ್ಟದ್ದು ಸಿನಿಮಾ ಕಟ್ಟುವ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಅದರ ಫಲವಾಗಿ ಆ ದೃಶ್ಯ ಒಂದು ಪರೀಕ್ಷೆಯಾಗುತ್ತದೆ, ಚೆನ್ನಾಗಿ ನುಡಿಸಿದವನು ಗೆದ್ದು ಬದುಕಿದ ಎನಿಸುತ್ತದೆ.

ಇದನ್ನು ನಾನು ಒಪ್ಪಲಾರೆ. ಶ್ಪಿಲ್ಮನ್ ಅವರ ತಂದೆ ಸಾಮುಯೆಲ್ ಪಿಟೀಲು ವಾದಕರು. 1942ರ ಆಗಸ್ಟ್‌ನಲ್ಲಿ ಅವರನ್ನೂ ತಾಯಿ, ತಮ್ಮ, ಇಬ್ಬರು ತಂಗಿಯರನ್ನೂ ನಾಜಿಗಳ ಸಾವಿನ ಶಿಬಿರವಾದ ಟ್ರೆಬ್ಲಿಂಕಾದ ರೈಲಿಗೆ ತುಂಬಿದರು, ಯಾರೂ ಉಳಿಯಲಿಲ್ಲ. ರೈಲಿಗೆ ಕಾಯುವಾಗ ತಂದೆ ಇದ್ದಬದ್ದ ಹಣಕ್ಕೆ ಒಂದೇ ಒಂದು ಮಿಠಾಯಿ ಕೊಂಡು ಆರು ಪಾಲು ಮಾಡಿದ್ದು ಪುಸ್ತಕದಲ್ಲೂ ಇದೆ, ಚಿತ್ರದಲ್ಲೂ ಇದೆ. ಶ್ಪಿಲ್ಮನ್ ಅವರನ್ನು ಸಾಲಿನಿಂದ ಹೊರಗೆಳೆದದ್ದು ಗುರುತಿದ್ದ ಒಬ್ಬ ಯಹೂದಿ ಪೊಲೀಸ್. ಅಲ್ಲಿ ನೆರವಾದದ್ದು ಪರಿಚಯ.

ಇನ್ನು ಆ ಅಧಿಕಾರಿ, ವಿಲ್ಮ್ ಹೋಸೆನ್‌ಫೆಲ್ಡ್. 1944ರ ನವೆಂಬರ್‌ನಲ್ಲಿ ಪಿಯಾನೊ ಕೇಳುವ ಹೊತ್ತಿಗೇ ಅವರು ಎಷ್ಟೋ ಪೋಲಿಷರಿಗೆ, ಯಹೂದಿಗಳಿಗೆ ನೆರವಾಗಿದ್ದರು. ಟ್ರೆಬ್ಲಿಂಕಾದ ರೈಲಿನಿಂದ ತಪ್ಪಿಸಿಕೊಂಡ ಲಿಯೋನ್ ವಾರ್ಮ್‌ಗೆ ತಾವು ನಡೆಸುತ್ತಿದ್ದ ಕ್ರೀಡಾಕೇಂದ್ರದಲ್ಲಿ ಕೆಲಸ ಕೊಟ್ಟು ಕಾಪಾಡಿದ್ದರು. ನಾಜಿಗಳ ಕೊಲೆಗಳ ಬಗ್ಗೆ ಅವರಿಗಿದ್ದ ನಾಚಿಕೆ, ಸಿಟ್ಟು ದಿನಚರಿಯ ಪುಟಗಳಲ್ಲಿದೆ. ಚಿತ್ರ ಇದಾವುದನ್ನೂ ತೋರಿಸುವುದಿಲ್ಲ. ಅದಕ್ಕೇ ಪ್ರೇಕ್ಷಕರು ಸಂಗೀತವನ್ನು ಕಾರಣ ಮಾಡಿಕೊಳ್ಳುತ್ತಾರೆ.

ಪುಸ್ತಕದಲ್ಲಿ ಶ್ಪಿಲ್ಮನ್ ನುಡಿಸಿ ಮುಗಿದ ಮೇಲೆ ಹೋಸೆನ್‌ಫೆಲ್ಡ್, ಊರಾಚೆ ಹಳ್ಳಿಗೆ ಕರೆದೊಯ್ಯುತ್ತೇನೆ ಎನ್ನುತ್ತಾರೆ. ಬರಲಾರೆ ಎಂಬ ಉತ್ತರ ಬಂದಾಗಲೇ ಎದುರಿಗಿರುವವರು ಯಹೂದಿ ಎಂದು ಅವರಿಗೆ ಹೊಳೆಯುತ್ತದೆ. ಅಂದರೆ ಸಹಾಯದ ಮಾತು ಮೊದಲು, ಗುರುತು ಆಮೇಲೆ. ಗೊತ್ತಾದ ಮೇಲೂ ಕೈಬಿಡಲಿಲ್ಲ: ಅಡಗಲು ಅಟ್ಟದಲ್ಲಿ ಇನ್ನೂ ಒಳ್ಳೆಯ ಜಾಗ ಹುಡುಕಿದರು, ಬ್ರೆಡ್, ಜಾಮ್, ಆಮೇಲೆ ಹೊದಿಕೆ, ಸೈನಿಕರ ಓವರ್‌ಕೋಟ್ ತಂದುಕೊಟ್ಟರು.

ಹೋಸೆನ್‌ಫೆಲ್ಡ್ ತಮ್ಮ ಹೆಸರು ಹೇಳಿರಲಿಲ್ಲ. ಅದು ತಿಳಿದ ಮೇಲೆ, ಸೋವಿಯತ್ ಸೆರೆಯಲ್ಲಿದ್ದ ಅವರನ್ನು ಬಿಡಿಸಲು ಶ್ಪಿಲ್ಮನ್ ಪ್ರಯತ್ನಪಟ್ಟರೂ ಫಲಿಸಲಿಲ್ಲ. 1952ರಲ್ಲಿ ಹೋಸೆನ್‌ಫೆಲ್ಡ್ ಆ ಸೆರೆಯಲ್ಲೇ ತೀರಿಕೊಂಡರು. ಚಿತ್ರದ ಕೊನೆಯ ಬರಹ ಇಲ್ಲಿಗೆ ನಿಲ್ಲುತ್ತದೆ. ಯಹೂದಿಗಳನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಜೆರುಸಲೇಮಿನ ಯಾದ್ ವಶೇಮ್ ಕೊಡುವ ಮನ್ನಣೆ ಅವರಿಗೆ ಸಂದದ್ದು 2008ರಲ್ಲಿ.